ಸಿರ್ಕಾ ಮತ್ತು ಝೈತೂನ್: ಊಟದ ಸುಪ್ರದ ಮೇಲೊಂದು ಇತಿಹಾಸ

ಪರಮ ದಯಾಮಯನೂ ಕರುಣಾನಿಧಿಯೂ ಆದ ಅಲ್ಲಾಹನ ನಾಮದಿಂದ.

ಆಹಾರವು ಅಲ್ಲಾಹನ ಅನುಗ್ರಹ. ಮನುಷ್ಯನು ತನ್ನ ಆಹಾರದ ಕಡೆಗೆ ದೃಷ್ಟಿ ಹಾಯಿಸಲಿ ಎಂದು ಪವಿತ್ರ ಕುರ್‌ಆನ್ ಅಬಸ ಅಧ್ಯಾಯದಲ್ಲಿ ಆದೇಶಿಸುತ್ತದೆ. ಆ ಬಳಿಕ ಮಳೆ, ಸೀಳುವ ಭೂಮಿ, ಧಾನ್ಯ, ದ್ರಾಕ್ಷಿ, ತರಕಾರಿ, ಝೈತೂನ್ ಮತ್ತು ಖರ್ಜೂರಗಳನ್ನು ಒಂದೊಂದಾಗಿ ಹೆಸರಿಸುತ್ತದೆ. ತಟ್ಟೆಯಲ್ಲಿರುವುದು ಎಲ್ಲಿಂದ ಬಂತು, ಯಾರ ಕೈಗಳನ್ನು ದಾಟಿ ಬಂತು ಎಂದು ವಿಚಾರಿಸುವುದು ಆ ಆದೇಶದ ಒಂದು ಪಾಲು ಎಂದು ನಾನು ನಂಬಿದ್ದೇನೆ. ಆದರೆ ನನ್ನ ಮನೆಯಲ್ಲಿಯೇ ಒಮ್ಮೆ ನಾನು ವಿಚಾರಿಸದೆ ತೀರ್ಪು ಕೊಟ್ಟೆ. ಈ ಬರಹಕ್ಕೆ ಕಾರಣ ಆ ತಪ್ಪು.

ಮಣಿಪಾಲದಲ್ಲಿ ಓದುತ್ತಿರುವ ನನ್ನ ಮಗಳು ರಜೆಗೆಂದು ಕಾಪುವಿನ ಮನೆಗೆ ಬಂದಿದ್ದಳು. ಅಂದು ರಾತ್ರಿಯ ಊಟಕ್ಕೆ ತಾನೇ ಒಂದು ಸಲಾಡ್ ಮಾಡುತ್ತೇನೆಂದು ಹೇಳಿ ಸೌತೆಕಾಯಿ, ಟೊಮೆಟೊ, ಈರುಳ್ಳಿಗಳನ್ನು ಹೆಚ್ಚಿದಳು. ಝೈತೂನ್ ಎಣ್ಣೆ, ವಿನೆಗರ್, ಉಪ್ಪು, ಸಾಸಿವೆಗಳನ್ನು ಒಂದು ಬಾಟಲಿಯಲ್ಲಿ ಹಾಕಿ ಕುಲುಕಿ ಅದರ ಮೇಲೆ ಸುರಿದಳು. ಸುಪ್ರ ಹಾಸಿ ಎಲ್ಲರೂ ಕುಳಿತೆವು. ನನ್ನ ಉಮ್ಮ ಮೊದಲ ತುತ್ತಿನಲ್ಲೇ, ಇದರಲ್ಲಿ ಏನು ಹಾಕಿದ್ದೀ ಮಗಳೇ ಎಂದು ಕೇಳಿದರು. ಮೊಮ್ಮಗಳು ಬಾಟಲಿ ತಂದು ತೋರಿಸಿದಳು. ಅದರ ಮೇಲೆ ವೈನ್ ವಿನೆಗರ್ ಎಂದು ಬರೆದಿತ್ತು. ಉಮ್ಮ ಏನೂ ಹೇಳಲಿಲ್ಲ. ತಟ್ಟೆಯನ್ನು ಮೆಲ್ಲನೆ ಪಕ್ಕಕ್ಕೆ ಸರಿಸಿ ಎದ್ದು ಬಾಯಿ ಮುಕ್ಕಳಿಸಿಕೊಂಡು ಬಂದರು. ಮಗಳು ನನ್ನ ಮುಖ ನೋಡಿ, ಅಬ್ಬಾ, ಇದು ಹರಾಮಾ ಎಂದು ಕೇಳಿದಳು. ಕಿತಾಬು ಓದಿದವನೆಂಬ ಅಭಿಮಾನದಲ್ಲಿ ನಾನು ತಟ್ಟನೆ, ಹೌದು, ಚೆಲ್ಲಿಬಿಡು ಎಂದೆ. ಅವಳು ಮರುಮಾತಾಡದೆ ಎಲ್ಲವನ್ನೂ ಚೆಲ್ಲಿದಳು. ಆ ರಜೆ ಮುಗಿಯುವವರೆಗೆ ಅವಳು ಮತ್ತೆ ಅಡುಗೆಮನೆಗೆ ಹೋಗಲಿಲ್ಲ.

ರಾತ್ರಿ ನನಗೆ ನಿದ್ರೆ ಹತ್ತಲಿಲ್ಲ. ಎದ್ದು ಕಿತಾಬುಗಳನ್ನು ತೆರೆದೆ. ನನ್ನ ಉತ್ತರ ಎಷ್ಟು ಅವಸರದ್ದೆಂಬುದು ಪುಟ ತಿರುವಿದಂತೆಲ್ಲ ತಿಳಿಯುತ್ತ ಹೋಯಿತು.

ಪ್ರವಾದಿ ಮನೆಯ ಸಿರ್ಕಾ

ಉರ್ದುವಿನಲ್ಲಿ ಸಿರ್ಕಾ, ಮಲಬಾರಿನ ಮಾಪ್ಪಿಳ್ಳರ ಮಾತಿನಲ್ಲಿ ಸುರ್ಕ, ಅರಬಿಯಲ್ಲಿ ಖಲ್ಲ್, ಅಂಗಡಿಯ ಮಾತಿನಲ್ಲಿ ವಿನೆಗರ್. ವಸ್ತು ಒಂದೇ. ಇಸ್ಲಾಮೀ ಇತಿಹಾಸದಲ್ಲಿ ಇದರ ಹೆಸರು ಮೊದಲು ಕೇಳಿಬರುವುದು ಯಾವುದೋ ಅರಮನೆಯ ಭೋಜನಶಾಲೆಯಲ್ಲಲ್ಲ, ಪ್ರವಾದಿ ಮುಹಮ್ಮದ್(ಸ)ರ ಬಡತನದ ಮನೆಯಲ್ಲಿ.

ಸಹೀಹ್ ಮುಸ್ಲಿಮ್‌ನಲ್ಲಿ ಜಾಬಿರ್ ಬಿನ್ ಅಬ್ದುಲ್ಲಾಹ್(ರ)ರು ವರದಿ ಮಾಡಿದ ಒಂದು ಘಟನೆಯಿದೆ. ಪ್ರವಾದಿ(ಸ)ಯವರು ಮನೆಯವರಲ್ಲಿ ರೊಟ್ಟಿಗೆ ನೆಂಚಿಕೊಳ್ಳಲು ಏನಾದರೂ ಇದೆಯೇ ಎಂದು ಕೇಳಿದರು. ಸಿರ್ಕಾದ ಹೊರತು ಬೇರೇನೂ ಇಲ್ಲವೆಂಬ ಉತ್ತರ ಬಂತು. ಅವರು ಅದನ್ನೇ ತರಿಸಿದರು, ಅದರೊಂದಿಗೆ ತಿನ್ನತೊಡಗಿದರು, ಸಿರ್ಕಾ ಎಷ್ಟು ಒಳ್ಳೆಯ ವ್ಯಂಜನವೆಂದು ಮತ್ತೆ ಮತ್ತೆ ಹೊಗಳಿದರು. ಆ ದಿನದಿಂದ ತನಗೆ ಸಿರ್ಕಾ ಪ್ರಿಯವಾಯಿತೆಂದು ಜಾಬಿರ್(ರ)ರು ಹೇಳುತ್ತಾರೆ. ಅವರಿಂದ ಇದನ್ನು ಕೇಳಿ ವರದಿ ಮಾಡಿದ ತಲ್‌ಹ ಬಿನ್ ನಾಫಿಅ್‌ರು, ಜಾಬಿರ್‌ರಿಂದ ಕೇಳಿದಂದಿನಿಂದ ತನಗೂ ಅದು ಪ್ರಿಯವಾಯಿತು ಎಂದು ಸೇರಿಸುತ್ತಾರೆ. ಒಂದು ವ್ಯಂಜನದ ಮೇಲಿನ ಪ್ರೀತಿಯು ಸನದಿನೊಂದಿಗೆ ಒಬ್ಬರಿಂದ ಒಬ್ಬರಿಗೆ ಸಾಗಿ ಬಂದದ್ದು ಎಷ್ಟು ಸುಂದರ!

ತಿರ್ಮಿದಿಯಲ್ಲಿ ಉಮ್ಮು ಹಾನಿ(ರ)ರ ವರದಿಯೂ ಇದೆ. ಪ್ರವಾದಿ(ಸ)ಯವರು ತಮ್ಮ ದೊಡ್ಡಪ್ಪ ಅಬೂತಾಲಿಬರ ಪುತ್ರಿಯಾದ ಈ ಮಹಿಳೆಯ ಮನೆಗೆ ಬಂದು ತಿನ್ನಲು ಏನಿದೆಯೆಂದು ಕೇಳಿದಾಗ, ಒಣಗಿದ ರೊಟ್ಟಿಯ ಚೂರುಗಳು ಮತ್ತು ಸಿರ್ಕಾ ಮಾತ್ರ ಇದೆಯೆಂದು ಅವರು ಸಂಕೋಚದಿಂದ ಹೇಳಿದರು. ಸಿರ್ಕಾ ಇರುವ ಮನೆಯನ್ನು ವ್ಯಂಜನವಿಲ್ಲದ ಮನೆಯೆಂದು ಹೇಳಲಾಗದು ಎಂಬ ಅರ್ಥದಲ್ಲಿ ಪ್ರವಾದಿ(ಸ)ಯವರು ಉತ್ತರಿಸಿದರು. ಅತಿಥಿಯ ಮುಂದೆ ಇಡಲು ಏನೂ ಇಲ್ಲವೆಂದು ತಲೆ ತಗ್ಗಿಸುವ ಗೃಹಿಣಿಯ ಮನಸ್ಸಿಗೆ ಇದಕ್ಕಿಂತ ಹಿತವಾದ ಮಾತು ಯಾವುದಿದ್ದೀತು? ಮಗಳು ಪ್ರೀತಿಯಿಂದ ಮಾಡಿ ಇಟ್ಟದ್ದನ್ನು ಚೆಲ್ಲಿಸಿದ ನನಗೆ ಈ ಹದೀಸನ್ನು ಓದುವಾಗ ನಾಚಿಕೆಯಾಯಿತು.

ಬರಕತ್ತಿನ ಮರ

ಈ ಮಿಶ್ರಣದ ಇನ್ನೊಂದು ಅರ್ಧ ಝೈತೂನ್ ಎಣ್ಣೆ. ಕುರ್‌ಆನ್ ಝೈತೂನನ್ನು ಆರು ಕಡೆ ಹೆಸರಿಸಿದೆ: ಅನ್‌ಆಮ್ ಅಧ್ಯಾಯದಲ್ಲಿ ಎರಡು ಬಾರಿ, ನಹ್ಲ್, ನೂರ್, ಅಬಸ ಮತ್ತು ತೀನ್ ಅಧ್ಯಾಯಗಳಲ್ಲಿ ಒಂದೊಂದು ಬಾರಿ. ಏಳನೆಯ ಕಡೆ, ಅಂದರೆ ಮೂಮಿನೂನ್ ಅಧ್ಯಾಯದ 20ನೆಯ ಸೂಕ್ತದಲ್ಲಿ, ಹೆಸರು ಹೇಳದೆ ಸೀನಾಯ್ ಪರ್ವತದಿಂದ ಹೊರಡುವ ಒಂದು ಮರವನ್ನು ಸ್ಮರಿಸಿ, ಅದು ಎಣ್ಣೆಯನ್ನೂ ಉಣ್ಣುವವರಿಗೆ ವ್ಯಂಜನವನ್ನೂ ಕೊಡುತ್ತದೆ ಎನ್ನುತ್ತದೆ. ಅಲ್ಲಿ ಬಳಕೆಯಾದ ಸಿಬ್‌ಗ್ ಎಂಬ ಪದಕ್ಕೆ ಬಟ್ಟೆಗೆ ಬಣ್ಣ ಹಾಕುವುದಕ್ಕೂ ಸಂಬಂಧವಿದೆ. ಬಟ್ಟೆಯನ್ನು ಬಣ್ಣದಲ್ಲಿ ಅದ್ದುವಂತೆ ರೊಟ್ಟಿಯನ್ನು ಎಣ್ಣೆಯಲ್ಲಿ ಅದ್ದುವುದು ಎಂಬ ಚಿತ್ರ ಆ ಪದದೊಳಗಿದೆ.

ಝೈತೂನ್ ಎಣ್ಣೆಯನ್ನು ತಿನ್ನಿರಿ, ಮೈಗೂ ಹಚ್ಚಿರಿ, ಅದು ಅನುಗ್ರಹೀತ ಮರದಿಂದ ಬಂದದ್ದೆಂಬ ಪ್ರವಾದಿ(ಸ)ಯವರ ಉಪದೇಶವನ್ನು ಉಮರ್(ರ)ರಿಂದ ತಿರ್ಮಿದಿ ಮತ್ತು ಇಬ್ನು ಮಾಜ ಗ್ರಂಥಗಳು ವರದಿ ಮಾಡಿವೆ. ಇನ್ನು ಹಸಿ ತರಕಾರಿಯ ವಿಷಯ. ಪ್ರವಾದಿ(ಸ)ಯವರು ಹಸಿ ಖರ್ಜೂರದೊಂದಿಗೆ ಸೌತೆಕಾಯಿಯನ್ನು ತಿನ್ನುವುದನ್ನು ತಾನು ಕಂಡೆನೆಂದು ಅಬ್ದುಲ್ಲಾಹ್ ಬಿನ್ ಜಅ್‌ಫರ್(ರ)ರು ಹೇಳಿದ್ದು ಬುಖಾರಿ ಮತ್ತು ಮುಸ್ಲಿಮ್‌ಗಳಲ್ಲಿದೆ. ಸಿರ್ಕಾ, ಝೈತೂನ್, ಸೌತೆಕಾಯಿ ಈ ಮೂರೂ ಅಲ್ಲಿದ್ದವು. ಮಣಿಪಾಲದ ಅಂಗಡಿಯಿಂದ ಬಂದ ಹೊಸ ಶೋಕಿಯೆಂದು ನಾನು ಭಾವಿಸಿದ್ದ ವಸ್ತುಗಳು ನಮ್ಮ ಹದೀಸ್ ಗ್ರಂಥಗಳ ಆಹಾರದ ಅಧ್ಯಾಯಗಳಲ್ಲಿ ಸಾವಿರದ ಇನ್ನೂರು ವರ್ಷಗಳಿಂದ ಇದ್ದವು.

ಬಗ್ದಾದಿನ ಅಡುಗೆಮನೆ

ಇಸ್ಲಾಮೀ ನಾಗರಿಕತೆಯು ಪರ್ಷಿಯಾವನ್ನು ಒಳಗೊಂಡಾಗ ಸಿರ್ಕಾದ ಇತಿಹಾಸ ಹೊಸ ತಿರುವು ಪಡೆಯಿತು. ಪರ್ಷಿಯನ್ನಿನಲ್ಲಿ ಸಿರ್ಕಾಕ್ಕೆ ಸಿಕ್ ಎಂಬ ಹಳೆಯ ಪದವಿತ್ತು. ಮಾಂಸವನ್ನು ಸಿರ್ಕಾದಲ್ಲಿ ಬೇಯಿಸಿ ಮಾಡುವ ಸಿಕ್‌ಬಾಜ್ ಎಂಬ ಖಾದ್ಯದ ಹೆಸರು ಅದರಿಂದ ಬಂತು. ಸಾಸಾನಿ ದೊರೆ ಖುಸ್ರೋ ಅನೂಶಿರ್ವಾನನಿಗೆ ಇದು ಬಹಳ ಪ್ರಿಯವಾಗಿತ್ತೆಂದು ಹಳೆಯ ಲೇಖಕರು ಹೇಳುತ್ತಾರೆ. ಅಬ್ಬಾಸಿಯ ಖಲೀಫರ ಕಾಲದಲ್ಲಿ ಅದು ಬಗ್ದಾದಿನ ಜನರ ನೆಚ್ಚಿನ ಊಟವಾಯಿತು.

10ನೆಯ ಶತಮಾನದಲ್ಲಿ ಇಬ್ನು ಸಯ್ಯಾರ್ ಅಲ್ ವರ್ರಾಕ್ ಎಂಬವರು ಕಿತಾಬುತ್ತಬೀಖ್ ಎಂಬ ಪಾಕಗ್ರಂಥವನ್ನು ಸಂಕಲಿಸಿದರು. 130ಕ್ಕೂ ಹೆಚ್ಚು ಅಧ್ಯಾಯಗಳಿರುವ ಆ ಗ್ರಂಥದಲ್ಲಿ ಬವಾರಿದ್ ಎಂಬ ತಣ್ಣನೆಯ ಖಾದ್ಯಗಳಿಗೆ ವಿಶೇಷ ಸ್ಥಾನವಿದೆ. ತರಕಾರಿ ಮುಂತಾದವುಗಳಿಗೆ ಸಿರ್ಕಾ, ಎಣ್ಣೆ, ಸೊಪ್ಪು ಮತ್ತು ಮಸಾಲೆಗಳನ್ನು ಹಾಕಿ ಬಡಿಸುವ ಪದ್ಧತಿಯನ್ನು ಅಲ್ಲಿ ಕಾಣಬಹುದು. ಕೈ ತೊಳೆಯುವ ಮತ್ತು ಊಟದ ಶಿಷ್ಟಾಚಾರಗಳ ಅಧ್ಯಾಯಗಳೂ ಅದೇ ಗ್ರಂಥದಲ್ಲಿವೆ. 1226ರಲ್ಲಿ ಮುಹಮ್ಮದ್ ಬಿನ್ ಹಸನ್ ಅಲ್ ಬಗ್ದಾದಿ ಅದೇ ಹೆಸರಿನ ಇನ್ನೊಂದು ಗ್ರಂಥವನ್ನು ಬರೆದರು. ಅದು ಆರಂಭವಾಗುವುದೇ ಹುಳಿ ಖಾದ್ಯಗಳಿಂದ, ಅವುಗಳಲ್ಲಿ ಮೊದಲನೆಯದು ಸಿಕ್‌ಬಾಜ್. ಅದಾಗಿ 32 ವರ್ಷಗಳಲ್ಲಿ, ಅಂದರೆ 1258ರಲ್ಲಿ, ಮಂಗೋಲರು ಬಗ್ದಾದನ್ನು ನಾಶಪಡಿಸಿದರು. ಅರಮನೆಗಳು ಉರುಳಿದವು, ಗ್ರಂಥಾಲಯಗಳು ಹಾಳಾದವು. ಅಡುಗೆಯ ರುಚಿ ಮಾತ್ರ ಜನರ ನಾಲಗೆಯ ಮೇಲೆ ಬದುಕಿ ದೂರ ದೂರ ಸಾಗಿತು.

ಅಂದಲುಸಿನಿಂದ ಫ್ರಾನ್ಸಿಗೆ

ಪಶ್ಚಿಮದಲ್ಲಿ ಈ ರುಚಿಯ ಹೆಜ್ಜೆಗುರುತುಗಳು ಪದಗಳಲ್ಲಿ ಉಳಿದಿವೆ. ಇಂದಿಗೂ ಸ್ಪೇನಿನವರು ಎಣ್ಣೆಯನ್ನು ಅಸೈತೆ ಎನ್ನುತ್ತಾರೆ, ಪೋರ್ಚುಗೀಸರು ಅಝೈತಿ ಎನ್ನುತ್ತಾರೆ. ಎರಡೂ ಅರಬಿಯ ಅಝ್ಝೈತ್ ಎಂಬ ಪದದ ರೂಪಾಂತರಗಳು. ಝೈತೂನ್ ಕಾಯಿಗೆ ಸ್ಪೇನಿನಲ್ಲಿ ಅಸೈತೂನ ಎಂಬ ಹೆಸರು. ಮೀನನ್ನು ಸಿರ್ಕಾದಲ್ಲಿ ನೆನೆಸಿಡುವ ಅವರ ಎಸ್ಕಬೇಚೆ ಎಂಬ ಖಾದ್ಯದ ಹೆಸರು ಬಗ್ದಾದಿನ ಅಸ್ಸಿಕ್‌ಬಾಜ್‌ನಿಂದ ಬಂದದ್ದೆಂದು ಭಾಷಾತಜ್ಞರು ಹೇಳುತ್ತಾರೆ. 1492ರಲ್ಲಿ ಗ್ರಾನಡ ಕೈಬಿಟ್ಟು ಹೋಯಿತು. ಅಝಾನಿನ ಧ್ವನಿ ಅಲ್ಲಿ ನಿಂತಿತು. ಆದರೆ ಊಟಕ್ಕೆ ಕುಳಿತ ಪ್ರತಿಯೊಬ್ಬ ಸ್ಪೇನಿಯನ್ನನೂ ಎಣ್ಣೆ ಕೇಳುವಾಗ ತನಗೆ ತಿಳಿಯದೆಯೇ ಅರಬಿ ಪದವನ್ನು ನುಡಿಯುತ್ತಾನೆ.

ಫ್ರೆಂಚರ ಭಾಷೆಯಲ್ಲಿ ವಿನೆಗರ್ ಎಂಬ ಪದಕ್ಕೆ ಹುಳಿಯಾದ ದ್ರಾಕ್ಷಾಮದ್ಯ ಎಂದು ಅರ್ಥ. ಅದಕ್ಕೆ ಎಣ್ಣೆ ಸೇರಿಸಿದ ಮಿಶ್ರಣವನ್ನು ಅವರು ವಿನೆಗ್ರೆಟ್ ಎಂದರು. ಸಲಾಡ್ ಎಂಬ ಪದದ ಮೂಲ ಲ್ಯಾಟಿನ್ನಿನ ಉಪ್ಪು. 1699ರಲ್ಲಿ ಇಂಗ್ಲೆಂಡಿನ ಜಾನ್ ಎವ್ಲಿನ್ ಎಂಬವರು ಅಸೆಟಾರಿಯ ಎಂಬ ಹೆಸರಿನಲ್ಲಿ ಕೇವಲ ಸಲಾಡುಗಳ ಬಗ್ಗೆಯೇ ಒಂದು ಪುಸ್ತಕ ಬರೆದು, ಎಣ್ಣೆ, ವಿನೆಗರ್, ಉಪ್ಪುಗಳು ಹೇಗಿರಬೇಕೆಂದು ವಿವರಿಸಿದರು. ಎಣ್ಣೆ ಮತ್ತು ಹುಳಿಯನ್ನು ಸೊಪ್ಪಿಗೆ ಬೆರೆಸಿ ತಿನ್ನುವುದು ರೋಮನರಿಗೂ ಗೊತ್ತಿತ್ತು. ಆದುದರಿಂದ ಇದನ್ನು ನಾವೇ ಕಂಡುಹಿಡಿದೆವೆಂದು ಹೆಮ್ಮೆಪಡುವುದು ಸರಿಯಲ್ಲ. ಅಲ್ಲಾಹನು ಭೂಮಿಯಲ್ಲಿ ಹರಡಿದ ಅನುಗ್ರಹಗಳನ್ನು ಎಲ್ಲ ಜನಾಂಗಗಳೂ ಹಂಚಿಕೊಂಡವು, ನಮ್ಮ ಪೂರ್ವಿಕರು ಆ ಸರಪಳಿಯಲ್ಲಿ ಒಂದು ದೃಢವಾದ ಕೊಂಡಿಯಾಗಿದ್ದರು. ಅಷ್ಟು ಸತ್ಯ, ಅಷ್ಟು ಸಾಕು.

ನಮ್ಮ ಕರಾವಳಿಯ ಹುಳಿ

ಇನ್ನು ನಮ್ಮ ತೀರಕ್ಕೆ ಬರೋಣ. ಅರಬಿ ಸಮುದ್ರದ ಈಚೆ ದಡದ ರೇವುಗಳಿಗೂ ಏಡನ್‌ಗೂ ನಡುವೆ ವ್ಯಾಪಾರ ನಿರಂತರವಾಗಿತ್ತು. 12ನೆಯ ಶತಮಾನದಲ್ಲಿ ಮಂಗಳೂರಿನಲ್ಲಿ ನೆಲೆಸಿದ್ದ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕನ ಪತ್ರಗಳು ಕೈರೋದ ಒಂದು ಹಳೆಯ ಸಿನಗಾಗಿನಲ್ಲಿ ದೊರೆತಿವೆ. ಇಲ್ಲಿಂದ ಮೆಣಸು ಮುಂತಾದವು ಹೋಗುತ್ತಿದ್ದವು, ಅಲ್ಲಿಂದ ಕಾಗದ, ಸಕ್ಕರೆ, ಒಣದ್ರಾಕ್ಷಿಗಳಂತಹ ವಸ್ತುಗಳು ಬರುತ್ತಿದ್ದವು.

14ನೆಯ ಶತಮಾನದ ನಲವತ್ತರ ದಶಕದಲ್ಲಿ ಇಬ್ನು ಬತೂತ ಈ ಕರಾವಳಿಯಲ್ಲಿ ಪ್ರಯಾಣಿಸಿದರು. ಹೊನ್ನಾವರದಲ್ಲಿ ಸುಲ್ತಾನ್ ಜಮಾಲುದ್ದೀನರ ಊಟದ ಕ್ರಮವನ್ನು ಅವರು ಆಸಕ್ತಿಯಿಂದ ವರ್ಣಿಸಿದ್ದಾರೆ. ಅನ್ನದ ಮೇಲೆ ತುಪ್ಪ ಸುರಿದು, ಜೊತೆಗೆ ಉಪ್ಪಿನಲ್ಲಿ ಹಾಕಿದ ಹಸಿ ಮೆಣಸಿನ ಗೊಂಚಲು, ಹಸಿ ಶುಂಠಿ, ನಿಂಬೆ ಮತ್ತು ಮಾವಿನ ಉಪ್ಪಿನಕಾಯಿಗಳನ್ನು ಬಡಿಸುತ್ತಿದ್ದರಂತೆ. ಕೊಬ್ಬಿಗೆ ಜೊತೆಯಾಗಿ ಹುಳಿ ಮತ್ತು ಖಾರ ಎಂಬ ಅದೇ ನಿಯಮ ಇಲ್ಲಿ ತುಪ್ಪ ಮತ್ತು ನಿಂಬೆಯ ರೂಪದಲ್ಲಿತ್ತು. ಆ ಊರಿನಲ್ಲಿ ಹೆಣ್ಣುಮಕ್ಕಳಿಗೆ 13 ಪಾಠಶಾಲೆಗಳಿದ್ದವು, ಸ್ತ್ರೀಯರು ಕುರ್‌ಆನ್ ಕಂಠಪಾಠ ಮಾಡಿದ್ದರು ಎಂಬುದನ್ನೂ ಅವರು ಬರೆದಿದ್ದಾರೆ. ಮುಂದೆ ಅವರು ಫಾಕನೂರ್ ಎಂದು ಕರೆದ, ಇಂದು ಉಡುಪಿ ಜಿಲ್ಲೆಯಲ್ಲಿರುವ ಬಾರಕೂರಿಗೆ ಬಂದರು. ಅಲ್ಲಿ ಸಮೃದ್ಧವಾದ ಕಬ್ಬು, ಮುಸ್ಲಿಮರ ಒಂದು ವಸತಿ, ಜುಮಾ ಮಸೀದಿ, ಕಾಝಿ ಮತ್ತು ಖತೀಬರು ಇದ್ದುದನ್ನು ದಾಖಲಿಸಿದರು.

1498ರಲ್ಲಿ ಪೋರ್ಚುಗೀಸರು ಬಂದರು. ಅವರೊಂದಿಗೆ ವಿನಾಗ್ರೆ ಬಂತು. ದ್ರಾಕ್ಷಿ ಬೆಳೆಯದ ಈ ತೀರದಲ್ಲಿ ಅದನ್ನು ತೆಂಗಿನ ಕಳ್ಳಿನಿಂದ ತಯಾರಿಸುವುದು ರೂಢಿಯಾಯಿತು. ಗೋವೆಯ ಮತ್ತು ನಮ್ಮ ನೆರೆಯ ಕೊಂಕಣಿ ಕ್ರೈಸ್ತರ ಅಡುಗೆಯಲ್ಲಿ ಅದು ಇಂದಿಗೂ ಮುಖ್ಯ ಹುಳಿಯಾಗಿದೆ. ಆದರೆ ಅದೇ ಪೋರ್ಚುಗೀಸರು ನಮ್ಮ ವರ್ತಕರ ಹಡಗುಗಳನ್ನು ಸುಟ್ಟರು, ಹಜ್ಜಿನ ದಾರಿಗೆ ಅಡ್ಡಬಂದರು. ಆ ಅತಿಕ್ರಮಗಳ ಇತಿಹಾಸವನ್ನು ತುಹ್ಫತುಲ್ ಮುಜಾಹಿದೀನ್ ಎಂಬ ಗ್ರಂಥದಲ್ಲಿ ಬರೆದವರು ಪೊನ್ನಾನಿಯ ಶೈಖ್ ಝೈನುದ್ದೀನ್ ಮಖ್ದೂಮರು. ಅವರೇ ಬರೆದ ಕರ್ಮಶಾಸ್ತ್ರ ಗ್ರಂಥ ಫತ್‌ಹುಲ್ ಮುಈನ್. ನಮ್ಮ ಕರಾವಳಿಯ ದರ್ಸ್‌ಗಳಲ್ಲಿ ತಲೆಮಾರುಗಳಿಂದ ಅದನ್ನು ಓದಿಸಲಾಗುತ್ತಿದೆ. ಮಗಳ ಪ್ರಶ್ನೆಗೆ ಉತ್ತರವಿದ್ದದ್ದು ನಾನೂ ಓದಿದ್ದ ಅದೇ ಗ್ರಂಥದಲ್ಲಿ.

ಅಷ್ಟರವರೆಗೆ ನಮ್ಮ ಮನೆಗಳಲ್ಲಿ ಹುಳಿಗೆ ಕೊರತೆಯೇನೂ ಇರಲಿಲ್ಲ. ಕಾಪುವಿನ ಮೀನಿನ ಸಾರಿಗೆ ಹುಣಸೆ, ಕಾರ್ಕಳದ ಕಡೆ ಮಲೆಗೆ ಸಮೀಪದ ಮನೆಗಳಲ್ಲಿ ಒಣಗಿಸಿದ ಪುನರ್ಪುಳಿ, ಹಿತ್ತಲಿನ ಬಿಂಬುಳಿ, ಅಮಟೆಕಾಯಿ, ಮಾವಿನಕಾಯಿ, ನಿಂಬೆ. ಉಡುಪಿಯ ಹಿಂದೂ ಸಹೋದರರ ಊಟದಲ್ಲಿ ಕೋಸಂಬರಿಯಿದೆ. ನೆನೆಸಿದ ಹೆಸರುಬೇಳೆ, ಸಣ್ಣಗೆ ಹೆಚ್ಚಿದ ಸೌತೆಕಾಯಿ, ತೆಂಗಿನತುರಿ, ನಿಂಬೆರಸ, ಮೇಲೊಂದು ಸಾಸಿವೆಯ ಒಗ್ಗರಣೆ. ವಿಚಾರಿಸಿ ನೋಡಿದರೆ ಎಣ್ಣೆ, ಹುಳಿ, ಉಪ್ಪು, ಸಾಸಿವೆ ಎಲ್ಲವೂ ಅದರಲ್ಲಿವೆ. ಮಣಿಪಾಲದಲ್ಲಿ 1986ರಲ್ಲಿ ಆರಂಭವಾದ ಹೋಟೆಲ್ ಆಡಳಿತ ಕಾಲೇಜಿನಲ್ಲಿ ಮಕ್ಕಳು ಫ್ರೆಂಚ್ ಪಾಕಕ್ರಮವನ್ನು ಕಲಿಯುತ್ತಾರೆ. ಅಲ್ಲಿಂದ ಕೆಲವೇ ಕಿಲೋಮೀಟರ್ ದೂರದ ಉಡುಪಿಯಲ್ಲಿ ಅದರ ಸೋದರಸಂಬಂಧಿಯನ್ನು ಬಾಳೆಯೆಲೆಯ ಮೇಲೆ ಬಡಿಸುತ್ತಾರೆ.

ಮದ್ಯವು ಸಿರ್ಕಾ ಆದಾಗ

ಈಗ ಮುಖ್ಯ ಪ್ರಶ್ನೆ. ಮದ್ಯದಿಂದ ಬಂದ ಸಿರ್ಕಾ ಧರ್ಮಸಮ್ಮತವೇ?

ಮೊದಲು ಅದು ಆಗುವ ರೀತಿಯನ್ನು ತಿಳಿಯಬೇಕು. ಹಣ್ಣಿನ ರಸದ ಸಕ್ಕರೆಯು ಹುದುಗಿ ಆಲ್ಕೋಹಾಲ್ ಆಗುತ್ತದೆ. ಗಾಳಿಗೆ ತೆರೆದಿಟ್ಟರೆ ಒಂದು ಜಾತಿಯ ಬ್ಯಾಕ್ಟೀರಿಯಾಗಳು ಆ ಆಲ್ಕೋಹಾಲನ್ನು ಅಸಿಟಿಕ್ ಆಮ್ಲವಾಗಿ ಮಾರ್ಪಡಿಸುತ್ತವೆ. ಇದು ಜೀವಿಗಳ ಕೆಲಸವೆಂಬುದನ್ನು 1860ರ ದಶಕದಲ್ಲಿ ಫ್ರಾನ್ಸಿನ ಲೂಯಿ ಪಾಶ್ಚರ್ ವಿವರಿಸಿದರು. ಮತ್ತು ಬರಿಸುವ ಗುಣ ಹೋಗಿ, ವಾಸನೆ, ರುಚಿ, ಪರಿಣಾಮ ಎಲ್ಲವೂ ಬದಲಾದ ಬೇರೆಯೇ ವಸ್ತು ಉಳಿಯುತ್ತದೆ. ಇಂತಹ ಸ್ವರೂಪಪಲ್ಲಟವನ್ನು ನಮ್ಮ ವಿದ್ವಾಂಸರು ಇಸ್ತಿಹಾಲ ಎಂದು ಕರೆದರು.

ಮದ್ಯವು ಮನುಷ್ಯನ ಕೈವಾಡವಿಲ್ಲದೆ ತಾನಾಗಿ ಸಿರ್ಕಾ ಆದರೆ ಅದು ಶುದ್ಧ, ಅದನ್ನು ತಿನ್ನಬಹುದು ಎಂಬುದರಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯವಿಲ್ಲ. ಉದ್ದೇಶಪೂರ್ವಕವಾಗಿ ಮಾಡಿದಾಗ ಮಾತ್ರ ಅಭಿಪ್ರಾಯಗಳು ಬೇರೆಯಾಗುತ್ತವೆ. ಅಬೂ ತಲ್‌ಹ(ರ)ರ ಪಾಲನೆಯಲ್ಲಿದ್ದ ಅನಾಥ ಮಕ್ಕಳಿಗೆ ಮದ್ಯವು ವಾರಸಾಗಿ ಬಂದಿತ್ತು. ಅದನ್ನು ಸಿರ್ಕಾ ಮಾಡಬಹುದೇ ಎಂದು ಅವರು ಕೇಳಿದಾಗ ಪ್ರವಾದಿ(ಸ)ಯವರು ಬೇಡವೆಂದು ಹೇಳಿ ಚೆಲ್ಲಲು ಆಜ್ಞಾಪಿಸಿದರೆಂದು ಅಬೂದಾವೂದ್‌ನಲ್ಲಿದೆ. ಅನಾಥರ ಆಸ್ತಿಯನ್ನು ಕಾಪಾಡಬೇಕೆಂದು ಅಷ್ಟು ಒತ್ತಿ ಹೇಳಿದ ಧರ್ಮದಲ್ಲಿ, ದಾರಿಯಿದ್ದಿದ್ದರೆ ಚೆಲ್ಲಲು ಹೇಳುತ್ತಿರಲಿಲ್ಲವೆಂಬುದು ಶಾಫಿಈ ವಿದ್ವಾಂಸರ ತರ್ಕ. ಆದ್ದರಿಂದ ಮದ್ಯಕ್ಕೆ ಹೊರಗಿನ ವಸ್ತುವನ್ನು ಹಾಕಿ ಸಿರ್ಕಾ ಮಾಡಿದರೆ ಅದು ಶುದ್ಧವಾಗದೆಂದು ಅವರು ಹೇಳುತ್ತಾರೆ. ತಾನಾಗಿ ಆದರೆ ಸಿರ್ಕಾವೂ ಅದಿದ್ದ ಪಾತ್ರೆಯೂ ಶುದ್ಧ. ಬಿಸಿಲಿನಿಂದ ನೆರಳಿಗೆ, ನೆರಳಿನಿಂದ ಬಿಸಿಲಿಗೆ ಇಟ್ಟು ಆಗಮಾಡಿದರೂ ಪ್ರಬಲ ಅಭಿಪ್ರಾಯದಂತೆ ಶುದ್ಧ. ಫತ್‌ಹುಲ್ ಮುಈನ್ ಸಹ ಅನ್ಯವಸ್ತುವಿನ ಸೇರ್ಪಡೆಯಿಲ್ಲದೆ ತಾನಾಗಿ ಸಿರ್ಕಾ ಆದದ್ದನ್ನೇ ಶುದ್ಧವೆನ್ನುತ್ತದೆ. ಹನಫೀ ವಿದ್ವಾಂಸರಾದರೋ ವಸ್ತುವಿನ ಸ್ವರೂಪವೇ ಬದಲಾದ ಮೇಲೆ ವಿಧಿಯೂ ಬದಲಾಗುತ್ತದೆಂದು ಪರಿಗಣಿಸಿ, ಮಾಡಿದ್ದನ್ನೂ ಶುದ್ಧವೆನ್ನುತ್ತಾರೆ. ನಿಷೇಧದ ಆ ಆಜ್ಞೆಯು ಮದ್ಯದ ಚಟವನ್ನು ಬೇರುಸಹಿತ ಕೀಳಬೇಕಿದ್ದ ಆರಂಭಕಾಲದ್ದೆಂಬುದು ಅವರ ವಿವರಣೆ.

ಈ ವಿವರಗಳನ್ನು ಓದಿದ ಮೇಲೆ ನನಗೆ ಎರಡು ಸಂಗತಿಗಳು ಸ್ಪಷ್ಟವಾದವು. ಒಂದನೆಯದು, ವೈನ್ ಎಂಬ ಹೆಸರು ಕಂಡ ಮಾತ್ರಕ್ಕೆ ಸಿರ್ಕಾವನ್ನು ಹರಾಮೆಂದು ಸಾರಿದ ನನ್ನ ಉತ್ತರ ತಪ್ಪು. ಅದು ಹೆಸರನ್ನು ನೋಡಿ ಕೊಟ್ಟ ತೀರ್ಪು, ವಸ್ತುವನ್ನು ನೋಡಿ ಕೊಟ್ಟದ್ದಲ್ಲ. ಎರಡನೆಯದು, ನನ್ನ ಉಮ್ಮನ ಹಿಂಜರಿಕೆಯೂ ಅಜ್ಞಾನವಲ್ಲ. ಅಕ್ಷರ ಓದದ ಅವರ ಆ ಮೌನದ ಹಿಂದೆ ಶಾಫಿಈ ಮನೆತನಗಳ ಶತಮಾನಗಳ ಎಚ್ಚರವಿತ್ತು. ಕಾರ್ಖಾನೆಯಲ್ಲಿ ಮದ್ಯಕ್ಕೆ ಏನನ್ನಾದರೂ ಬೆರೆಸಿ ಮಾಡಿದ್ದೋ, ತಾನಾಗಿ ಆದದ್ದೋ ಎಂಬುದು ಬಾಟಲಿಯ ಚೀಟಿಯಿಂದ ತಿಳಿಯುವುದಿಲ್ಲ. ಸಂಶಯವಿರುವಲ್ಲಿ ದೂರ ನಿಲ್ಲುವುದು ತಖ್ವಾ. ಆದರೆ ತಾನು ದೂರ ನಿಲ್ಲುವುದಕ್ಕೂ ಇನ್ನೊಬ್ಬರು ಮಾಡಿದ್ದನ್ನು ಹರಾಮೆಂದು ಘೋಷಿಸುವುದಕ್ಕೂ ಬಹಳ ಅಂತರವಿದೆ. ಉಮ್ಮ ಮೊದಲನೆಯದನ್ನು ಮಾಡಿದರು. ನಾನು ಎರಡನೆಯದನ್ನು ಮಾಡಿದೆ. ಹಲಾಲ್, ಹರಾಮ್ ಎಂದು ನಾಲಗೆಗೆ ಬಂದಂತೆ ಹೇಳಬಾರದೆಂದು ನಹ್ಲ್ ಅಧ್ಯಾಯದ 116ನೆಯ ಸೂಕ್ತ ಎಚ್ಚರಿಸುತ್ತದೆ. ಆ ಎಚ್ಚರಿಕೆಯನ್ನು ಮಕ್ಕಳಿಗೆ ಪಾಠ ಮಾಡಿದವನೇ ನಾನು.

ಅಂಗಡಿಯಲ್ಲಿ ಬಾಟಲಿ ಕೊಳ್ಳುವಾಗ ಚೀಟಿಯನ್ನು ಓದುವುದು ಒಳ್ಳೆಯದು. ನಮ್ಮ ದೇಶದ ಆಹಾರ ಸುರಕ್ಷತಾ ನಿಯಮದಂತೆ ವಿನೆಗರಿನಲ್ಲಿ ಕನಿಷ್ಠ 3.75 ಶೇಕಡಾ ಅಸಿಟಿಕ್ ಆಮ್ಲವಿರಬೇಕು. ಹುದುಗಿಸದೆ ನೇರವಾಗಿ ಅಸಿಟಿಕ್ ಆಮ್ಲಕ್ಕೆ ನೀರು ಬೆರೆಸಿ ತಯಾರಿಸಿದ್ದಾದರೆ ಸಿಂಥೆಟಿಕ್ ಎಂದು ಚೀಟಿಯಲ್ಲಿ ಸ್ಪಷ್ಟವಾಗಿ ನಮೂದಿಸಬೇಕು. ಸಂಶಯವಿದ್ದವರು ತಮ್ಮ ಮಹಲ್ಲಿನ ಖತೀಬರಲ್ಲೋ ಬಲ್ಲ ವಿದ್ವಾಂಸರಲ್ಲೋ ಬಾಟಲಿಯನ್ನು ತೋರಿಸಿ ಕೇಳಲಿ. ಹುಳಿಗೆ ನಿಂಬೆಯೂ ಇದೆ, ಪುನರ್ಪುಳಿಯೂ ಇದೆ. ಧರ್ಮದಲ್ಲಿ ಅಲ್ಲಾಹನು ನಮಗೆ ಇಕ್ಕಟ್ಟನ್ನು ಇಟ್ಟಿಲ್ಲ.

ಮನೆಯಲ್ಲಿ ಮಾಡುವ ವಿಧಾನ

ಇತಿಹಾಸ ಓದಿದ ಮೇಲೆ ಮಾಡುವ ಕ್ರಮವನ್ನೂ ಹೇಳದಿದ್ದರೆ ನಮ್ಮ ಮನೆಯ ಹೆಂಗಸರು ಸುಮ್ಮನಿರಲಾರರು. ಮಗಳು ನನಗೆ ಕಲಿಸಿದ ರೀತಿ ಹೀಗಿದೆ.

ಬಿಗಿ ಮುಚ್ಚಳದ, ಚೆನ್ನಾಗಿ ಒಣಗಿದ ಗಾಜಿನ ಬಾಟಲಿಯಲ್ಲಿ 1 ದೊಡ್ಡ ಚಮಚ ಸಿರ್ಕಾ ಅಥವಾ ನಿಂಬೆರಸ ಹಾಕಬೇಕು. ಅದಕ್ಕೆ ಎರಡು ಚಿಟಿಕೆ ಉಪ್ಪು ಸೇರಿಸಿ ಕರಗಿಸಬೇಕು. ಉಪ್ಪನ್ನು ಮೊದಲು ಹುಳಿಗೇ ಹಾಕಬೇಕು, ಏಕೆಂದರೆ ಅದು ಎಣ್ಣೆಯಲ್ಲಿ ಕರಗುವುದಿಲ್ಲ. ಬಳಿಕ ಕಾಲು ಚಿಕ್ಕ ಚಮಚ ನುಣ್ಣಗೆ ಅರೆದ ಸಾಸಿವೆ, ಅರ್ಧ ಚಿಕ್ಕ ಚಮಚ ಜೇನು, ಸ್ವಲ್ಪ ಕಾಳುಮೆಣಸಿನ ಪುಡಿ ಹಾಕಬೇಕು. ಕೊನೆಗೆ 3 ದೊಡ್ಡ ಚಮಚ ಝೈತೂನ್ ಎಣ್ಣೆ ಸುರಿದು, ಮುಚ್ಚಳ ಬಿಗಿದು, ಅರ್ಧ ನಿಮಿಷ ಬಲವಾಗಿ ಕುಲುಕಬೇಕು. ಒಂದು ಪಾಲು ಹುಳಿಗೆ ಮೂರು ಪಾಲು ಎಣ್ಣೆ ಎಂಬುದು ಲೆಕ್ಕ. ನಮ್ಮ ನಾಲಗೆಗೆ ಹುಳಿ ಹೆಚ್ಚು ಬೇಕೆನಿಸಿದರೆ ಎಣ್ಣೆಯನ್ನು ಎರಡು ಪಾಲಿಗೆ ಇಳಿಸಬಹುದು. ಝೈತೂನ್ ಎಣ್ಣೆ ದುಬಾರಿಯೆನಿಸಿದವರು ಎಳ್ಳೆಣ್ಣೆಯಲ್ಲಿ ಮಾಡಲಿ, ಅದರ ಪರಿಮಳವೂ ಚೆನ್ನಾಗಿರುತ್ತದೆ.

ಎಣ್ಣೆ ಮತ್ತು ಹುಳಿ ಸ್ವಭಾವತಃ ಬೆರೆಯುವುದಿಲ್ಲ. ಕುಲುಕಿದಾಗ ಎಣ್ಣೆ ಸಣ್ಣ ಹನಿಗಳಾಗಿ ಒಡೆದು ಹುಳಿಯೊಳಗೆ ಹರಡುತ್ತದೆ, ಬಿಟ್ಟೊಡನೆ ಮತ್ತೆ ಮೇಲೇರುತ್ತದೆ. ಅರೆದ ಸಾಸಿವೆಯ ಲೋಳೆಯಂತಹ ಅಂಶವು ಆ ಹನಿಗಳನ್ನು ಸುತ್ತುವರಿದು ಸ್ವಲ್ಪ ಹೊತ್ತು ಒಟ್ಟಿಗೆ ಹಿಡಿದಿಡುತ್ತದೆ. ಆದ್ದರಿಂದ ಬಡಿಸುವ ಮುನ್ನವೇ ಕುಲುಕಿ ಹಾಕಬೇಕು. ತರಕಾರಿಯ ನೀರು ಪೂರ್ತಿ ಆರಿರಬೇಕು, ಇಲ್ಲವಾದರೆ ಎಣ್ಣೆ ಅಂಟದು. ಹಸಿ ಬೆಳ್ಳುಳ್ಳಿ ಜಜ್ಜಿ ಹಾಕಿದ್ದಾದರೆ ಅಂದೇ ಮುಗಿಸಬೇಕು, ಎಣ್ಣೆಯಲ್ಲಿ ಮುಳುಗಿದ ಬೆಳ್ಳುಳ್ಳಿಯನ್ನು ಹೊರಗೆ ದಿನಗಟ್ಟಲೆ ಇಡುವುದು ಅಪಾಯ. ಜೇನು ಇರುವುದರಿಂದ ಒಂದು ವರ್ಷ ತುಂಬದ ಮಗುವಿಗೆ ಕೊಡಬಾರದು.

ಮತ್ತೆ ಹಾಸಿದ ಸುಪ್ರ

ಮುಂದಿನ ರಜೆಗೆ ಮಗಳು ಬಂದಾಗ ನಾನು ಮೊದಲು ಮಾಡಿದ ಕೆಲಸ ಅವಳಲ್ಲಿ ಕ್ಷಮೆ ಕೇಳಿದ್ದು. ಮಗಳೇ, ಅಂದು ನಾನು ತಿಳಿಯದೆ ಹೇಳಿದೆ ಎಂದೆ. ಅವಳು ತಲೆ ತಗ್ಗಿಸಿ, ಅಬ್ಬಾ, ಬಿಡಿ ಎಂದಳು. ಬಳಿಕ ಕಿತಾಬು ತೆರೆದು ಅವಳಿಗೂ ಉಮ್ಮನಿಗೂ ಜಾಬಿರ್(ರ)ರ ಹದೀಸನ್ನೂ ಇಮಾಮರ ಅಭಿಪ್ರಾಯಗಳನ್ನೂ ಓದಿ ಹೇಳಿದೆ. ಉಮ್ಮ ಎಲ್ಲವನ್ನೂ ಗಮನವಿಟ್ಟು ಕೇಳಿದರು. ಪ್ರವಾದಿ(ಸ)ಯವರು ಇಷ್ಟಪಟ್ಟದ್ದೆಂದು ನನಗೆ ಯಾರೂ ಹೇಳಿರಲಿಲ್ಲ ಎಂದು ಕಣ್ಣು ಒರೆಸಿಕೊಂಡರು. ಆದರೂ ಆ ಬಾಟಲಿಯದ್ದು ನನಗೆ ಬೇಡ, ಮನಸ್ಸು ಒಪ್ಪುವುದಿಲ್ಲ ಎಂದರು. ಮೊಮ್ಮಗಳು ಹಿತ್ತಲಿಗೆ ಹೋಗಿ ಎರಡು ನಿಂಬೆ ಕಿತ್ತು ತಂದಳು. ಅಂದು ರಾತ್ರಿ ಎಲ್ಲರೂ ಒಂದೇ ತಟ್ಟೆಯಿಂದ ತಿಂದೆವು. ಉಮ್ಮ ಎರಡನೆಯ ಬಾರಿ ಹಾಕಿಸಿಕೊಂಡರು.

ಹೊಸದನ್ನು ತರುವ ಮಕ್ಕಳನ್ನು ಗದರಿಸುವ ಮುನ್ನ ನಾವು ಕಿತಾಬುಗಳನ್ನು ತೆರೆಯೋಣ. ಹಿರಿಯರ ಹಿಂಜರಿಕೆಯನ್ನು ಹಳೆಯ ಕಾಲದ್ದೆಂದು ನಗುವ ಮುನ್ನ ಮಕ್ಕಳು ಅದರ ಮೂಲವನ್ನು ಕೇಳಲಿ. ತಿಳಿಯದ್ದನ್ನು ತಿಳಿದವರಲ್ಲಿ ಕೇಳಲು ನಾಚದಿರೋಣ.

ಅಲ್ಲಾಹನು ನಮ್ಮ ಆಹಾರವನ್ನು ಧರ್ಮಸಮ್ಮತವೂ ಶುದ್ಧವೂ ಆಗಿಸಲಿ, ನಮ್ಮ ನಾಲಗೆಯನ್ನು ಅವಸರದ ತೀರ್ಪುಗಳಿಂದ ಕಾಪಾಡಲಿ, ನಮ್ಮ ಮನೆಗಳ ಊಟದಲ್ಲಿ ಬರಕತ್ತನ್ನೂ ಮನಸ್ಸುಗಳಲ್ಲಿ ಪ್ರೀತಿಯನ್ನೂ ತುಂಬಲಿ. ಆಮೀನ್.